ತಾತನ ಎಚ್‌ಎಂಟಿ 2511 ಟ್ರ್ಯಾಕ್ಟರ್ ರಿಪೇರಿ ಮಾಡಿಸಲಾ, ಗುಜರಿಗೆ ಹಾಕಲಾ? ಅನುಭವ ಇದ್ದವರು ಹೇಳಿ

ಅರಸೀಕೆರೆ ತೆಂಗು: ತಾತ ಓಡಿಸುತ್ತಿದ್ದ ಎಚ್‌ಎಂಟಿ ಜೆಟರ್ 2511 ತೋಟದ ಶೆಡ್ಡಿನಲ್ಲಿ ನಿಂತು ತುಂಬಾ ವರ್ಷ ಆಯಿತು. ಇಂಜಿನ್ ಜಾಮ್ ಆಗಿದೆ. ಗುಜರಿಯವರು ಕಬ್ಬಿಣದ ತೂಕಕ್ಕೆ ಕೇಳ್ತಿದ್ದಾರೆ. ರಿಪೇರಿಗೆ ಎಷ್ಟು ಬೀಳುತ್ತೆ? ಇನ್ನೊಂದು, ನಮ್ಮ ಮುಧೋಳ ನಾಯಿ ಯಾವಾಗಲೂ ಅದರ ಕೆಳಗೇ ಮಲಗುತ್ತೆ. ಶೆಡ್ಡಿನಲ್ಲಿ ಕೆಲಸ ಶುರುವಾದರೆ ಅದಕ್ಕೆ ತೊಂದರೆ ಏನಾದರೂ ಇದೆಯಾ?

ಹಾವೇರಿ ರೈತ: ಗುಜರಿಯವರನ್ನು ಗೇಟಿನ ಒಳಗೇ ಬಿಡಬೇಡಿ. ನಮ್ಮದೂ 2511. ಸೈಲೆನ್ಸರ್ ಬಾಯಿಗೆ ಡಬ್ಬ ಮುಚ್ಚದೆ ನಿಲ್ಲಿಸಿದ್ದರು. ಮಳೆನೀರು ಇಳಿದು ಒಂದು ಪಿಸ್ಟನ್ ಲೈನರ್‌ಗೆ (ಪಿಸ್ಟನ್ ಓಡಾಡುವ ಕೊಳವೆ) ಕಚ್ಚಿಕೊಂಡಿತ್ತು. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ, ಆ ತೂತಿಗೆ ಡೀಸೆಲ್ ಹುಯ್ದು, ವಾರಗಟ್ಟಲೆ ನೆನೆಯಲು ಬಿಟ್ಟೆವು. ಆಮೇಲೆ ಫ್ಲೈವೀಲ್ ಹಲ್ಲಿಗೆ ಹಾರೆ ಕೊಟ್ಟು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿದಾಗ ಕೂದಲೆಳೆಯಷ್ಟು ಸರಿಯಿತು. ಸೆಲ್ಫ್ ಮಾತ್ರ ಹೊಡೆಯಬೇಡಿ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ.

ಲೈನರ್ ಪಿಸ್ಟನ್ ಕಿಟ್ 17,500. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ 9,000. ಹೆಡ್ಡಿಗೆ 6,500. ಪಂಪು, ನಾಝಲ್ 11,000. ಕ್ಲಚ್ ಪ್ಲೇಟ್ 5,500. ಹಿಂದಿನ ಜೋಡಿ ಟೈರು 36,000. ಕೂಲಿ 22,000. ಒಟ್ಟು 1,07,500. ಸಾಲದ್ದಕ್ಕೆ ಅಂಗಡಿಯವನು ಕೊಟ್ಟ ಕಿಟ್ ಡೂಪ್ಲಿಕೇಟ್. ಲೈನರ್ ಕೆಳಗಿನ ರಬ್ಬರ್ ರಿಂಗ್ ಸೋರಿ ನೀರು ಆಯಿಲ್ ಚೇಂಬರ್‌ಗೆ ಇಳಿಯಿತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಹಾ ಥರ! ಮತ್ತೆ ಬಿಚ್ಚು, ಮತ್ತೆ 8,000. ಆದರೂ ಇವತ್ತು ರೋಟವೇಟರ್ ಬಿಟ್ಟು ಎಲ್ಲಾ ಕೆಲಸಕ್ಕೂ ಅದೇ.

ತೀರ್ಥಹಳ್ಳಿ ಅಡಿಕೆ: ಇಷ್ಟು ದುಡ್ಡು ಸುರಿದು ಏನು ಬಂತು ಮಾರಾಯ್ರೆ? 25 ಎಚ್‌ಪಿ ಗಾಡಿ ತೋಟದ ಸಾಲಿನಲ್ಲಿ ತಿರುಗೋದೇ ಇಲ್ಲ. ಅಡಿಕೆಗೆ 9 ಅಡಿ ಅಂತರ. ನಾನು ಹಳೇ ಮಿತ್ಸುಬಿಷಿ ಶಕ್ತಿ 180ಡಿ ಮಿನಿ ಟ್ರ್ಯಾಕ್ಟರ್ ತೆಗೆದುಕೊಂಡೆ. 18.5 ಎಚ್‌ಪಿ, ಮೂರು ಸಿಲಿಂಡರ್. ಸಾಲಿನ ಮಧ್ಯೆ ಟ್ರೈಲರ್ ಸಮೇತ ಹೋಗುತ್ತೆ. ಸ್ಟೇರಿಂಗ್ ಬಾಕ್ಸ್ ಬುಷ್ಷು, ಮುಂದಿನ ಆಕ್ಸಲ್ ಪಿನ್ನು, ವಾಟರ್ ಪಂಪು, ಎಲ್ಲಾ ಸೇರಿ 41,000 ಆಯಿತು. ನಮ್ಮ ನಾಟಿ ನಾಯಿ ಕರಿಯ, ಗಾಡಿ ಮುಂದೆ ಮುಂದೆ ಓಡುತ್ತಾ ಹಾವಿದ್ದರೆ ನಿಂತು ಬೊಗಳುತ್ತೆ. ಚಿರತೆ ಕಾಟಕ್ಕೆ ಅದರ ಕುತ್ತಿಗೆಗೆ ಮೊಳೆ ಪಟ್ಟಿ ಕಟ್ಟಿದ್ದೇವೆ. ಮುಧೋಳ ಎಲ್ಲಾ ಶೋಕಿಗೆ ರೀ, ತೋಟ ಕಾಯೋಕೆ ಬರಲ್ಲ.

ಹಾವೇರಿ ರೈತ: ಅವರದು ತೆಂಗಿನ ತೋಟ, ಪೋಸ್ಟ್ ಓದಿ ಉತ್ತರ ಕೊಡಿ. ತೆಂಗಿಗೆ 25 ಅಡಿಗಿಂತ ಕಮ್ಮಿ ಯಾರು ಬಿಡ್ತಾರೆ?

ಕೋಲಾರದ ಅಕ್ಕ: ಗಾಡಿ ಜಗಳ ಆಮೇಲೆ ಮಾಡಿ. ನಾಯಿ ಬಗ್ಗೆ ಕೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಯಜಮಾನರು ಟಿಲ್ಲರ್, ಟ್ರ್ಯಾಕ್ಟರ್ ಬಿಚ್ಚಿ ಕಟ್ಟುವವರು. ಕೆಲಸಕ್ಕೆ ಬಂದ ಹುಡುಗ ರೇಡಿಯೇಟರ್‌ನಲ್ಲಿ ಇಂಜಿನ್ ತಣ್ಣಗಿಡಲು ಹಾಕುವ ಹಸಿರು ಕೂಲೆಂಟನ್ನು ಬಾಣಲೆಗೆ ಇಳಿಸಿ ಊಟಕ್ಕೆ ಹೋದ. ನಮ್ಮ ನಾಯಿ ರಾಣಿ ನೆಕ್ಕಿಬಿಟ್ಟಳು. ಅದು ಸಿಹಿ ಇರುತ್ತೆ. ಮೊದಲು ಕುಡಿದವರ ಹಾಗೆ ತೂರಾಡಿದಳು. ರಾತ್ರಿ ಸರಿಹೋದಳು ಅಂದುಕೊಂಡೆವು. ಆಮೇಲೆ ಕಿಡ್ನಿ ಕೈಕೊಟ್ಟಿತು. ಡ್ರಿಪ್, ರಕ್ತ ಪರೀಕ್ಷೆ, ಬಾಡಿಗೆ ಕಾರು ಎಲ್ಲಾ ಸೇರಿ 14,000 ಆಯಿತು, ಉಳಿಯಲಿಲ್ಲ. ಚೇತರಿಸಿಕೊಂಡ ಹಾಗೆ ಕಂಡರೂ ಕಾಯಬೇಡಿ, ನೆಕ್ಕಿದ್ದು ಗೊತ್ತಾದ ತಕ್ಷಣ ಡಾಕ್ಟರ್ ಹತ್ತಿರ ಓಡಿ. ಆ ವಿಷಕ್ಕೆ ಕೊಡುವ ಔಷಧ ಕೆಲಸ ಮಾಡೋದು ಮೊದಲ ಕೆಲವು ಗಂಟೆಯಲ್ಲೇ. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಗ್ಗಿ ಚಕ್ರದ ಹಿಂದೆ ನೋಡಿ.

ಬಾಗಲಕೋಟೆ ಹುಡುಗ: ತೀರ್ಥಹಳ್ಳಿಯವರೇ, ಮುಧೋಳ ಶೋಕಿಗೆ ಅಂದಿರಲ್ಲ, ನೀವು ಸಾಕಿದ್ದೀರಾ? 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಅದು. ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದ್ದಾರೆ. ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ದಿನಾ ಓಡಿಸಬೇಕು, ಸರಪಳಿಗೆ ಕಟ್ಟಿ ಹಾಕಿದರೆ ಸೊರಗುತ್ತೆ. ನನ್ನ ಭೀಮ ಹೊಲದ ಬದುವಿನ ಮೇಲೆ ಗಾಡಿಗೆ ಸಮ ಓಡ್ತಾನೆ. ಅವನಿಗೆ ಉಣ್ಣೆ ಜ್ವರ ಬಂದಾಗ ಹೊಸ ಬ್ಯಾಟರಿಗೆ ಇಟ್ಟ 6,800 ಔಷಧಿಗೆ ಹೋಯಿತು. ಒಂದು ತಿಂಗಳು ಗಾಡಿ ತಳ್ಳಿ ಸ್ಟಾರ್ಟ್ ಮಾಡಿದೆ. ಬೇಜಾರಿಲ್ಲ.

ತೀರ್ಥಹಳ್ಳಿ ಅಡಿಕೆ: ಅಂಚೆ ಚೀಟಿ ಚಿರತೆಗೆ ಗೊತ್ತಾಗುತ್ತಾ? ಮಲೆನಾಡಿಗೆ ಬಂದು ನೋಡಿ ಮಾತಾಡಿ.

ಬಾಗಲಕೋಟೆ ಹುಡುಗ: ಅರಸೀಕೆರೆ ಮಲೆನಾಡಾ?

ತುಮಕೂರು ಮೆಕ್ಯಾನಿಕ್: ಇಬ್ಬರೂ ಸ್ವಲ್ಪ ಸುಮ್ನಿರಿ. ಸರ್ಕಾರ 2016ರಲ್ಲಿ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಒಪ್ಪಿದ ಮೇಲೆ ಕಂಪನಿ ಮಾಲು ಸಿಗೋದು ಕಷ್ಟ. ಹಾವೇರಿಯವರು ಕಿಟ್ ಅಳತೆ ನೋಡದೆ ಹಾಕಿಸಿರಬೇಕು, ಅದಕ್ಕೇ ಸೋರಿದೆ. ಇಂಜಿನ್ ಬ್ಲಾಕಿನಲ್ಲಿ ರಿಂಗ್ ಕೂರುವ ಜಾಗ ತುಕ್ಕು ತಿಂದಿದ್ದರೆ ಒರಿಜಿನಲ್ ರಿಂಗೂ ನಿಲ್ಲಲ್ಲ.

ಹಾವೇರಿ ರೈತ: ನೋಡದೆ ಹೇಳಬೇಡಿ ಸರ್. ಬ್ಲಾಕ್ ಕೆರೆದು, ಎಮೆರಿ ಹೊಡೆದು, ಬೆರಳಾಡಿಸಿ ನೋಡಿಯೇ ಲೈನರ್ ಇಳಿಸಿದ್ದು. ರಿಂಗೇ ತೆಳ್ಳಗಿತ್ತು. ಹಳೇ ರಿಂಗ್ ಪಕ್ಕ ಇಟ್ಟು ತೆಗೆದ ಫೋಟೋ ಇದೆ, ಈಗಲೇ ಹಾಕ್ತೀನಿ.

ತುಮಕೂರು ಮೆಕ್ಯಾನಿಕ್: ಹಾಕಿ. ಅರಸೀಕೆರೆಯವರೇ, ನೀವು ಮೊದಲು ಆರ್‌ಸಿ ಹುಡುಕಿ. 15 ವರ್ಷ ಆದ ಮೇಲೆ 5 ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು. ತಾತನ ಹೆಸರಲ್ಲೇ ಇದ್ದರೆ ವಂಶವೃಕ್ಷ, ಮರಣ ಪ್ರಮಾಣಪತ್ರ ಈಗಲೇ ಮಾಡಿಸಿ. ಇಂಜಿನ್‌ಗಿಂತ ಅದೇ ಜಾಸ್ತಿ ದಿನ ಹಿಡಿಯುತ್ತೆ.