ಹಾಫ್ ಮೂನ್ ಬೀಚಲ್ಲಿ ಟೆಂಟ್: ಗೂಟ ನಿಲ್ಲುತ್ತಾ? ನೀರು ಎಷ್ಟು ಹೊರಬೇಕು?

ಬೆಣ್ಣೆದೋಸೆ
ದಾವಣಗೆರೆಯಿಂದ ನಾಲ್ಕು ಜನ, ಜನವರಿ ಹುಣ್ಣಿಮೆಗೆ ಗೋಕರ್ಣ. ಓಂ ಬೀಚಿಂದ ನಡೆದು ಹಾಫ್ ಮೂನ್ ಕಡೆ ಎರಡು ರಾತ್ರಿ ಇರೋ ಪ್ಲಾನು. ಅಲ್ಲಿಗೆ ರಸ್ತೆ ಇಲ್ಲ, ನಡಿಬೇಕು ಇಲ್ಲಾ ದೋಣಿ ಹಿಡಿಬೇಕು ಅಂತ ಗೊತ್ತು. ಇಬ್ಬರಿಬ್ಬರ ಎರಡು ಟೆಂಟ್ ಇವೆ, ಗೂಟ ಜೊತೆಗೆ ಬಂದಿರೋ ತಂತಿಯವೇ. ಹೋಗೋದು ಬಸ್ಸಲ್ಲಿ. ಮರಳಲ್ಲಿ ಗೂಟ ನಿಲ್ಲುತ್ತಾ? ನೀರು ಎಷ್ಟು ಬೇಕು? ಸಣ್ಣ ಗ್ಯಾಸ್ ಸ್ಟವ್ ತಗೊಂಡು ಹೋಗಬಹುದಾ?

ಏಳುಸುತ್ತಿನ ಕೋಟೆ
ಮೊದಲು ಅನುಮತಿ. ಕಾಡಿನ ಅಂಚು ಅಂದ್ರೆ ಅರಣ್ಯ ಇಲಾಖೆ, ಬೀಚು ಅಂದ್ರೆ ಪೊಲೀಸರು. ಇಬ್ಬರನ್ನೂ ಕೇಳಿ, ಆಮೇಲೆ ಚೀಲ ಕಟ್ಟಿ. ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಕಳಿಸಿದ್ರೆ ಕತ್ತಲಲ್ಲಿ ಆ ಬಂಡೆ ದಾರಿ ವಾಪಸ್ ನಡೆಯೋದು ಬಹಳ ಅಪಾಯ.

ಗೂಟದ ವಿಷಯ. ಚಿತ್ರದುರ್ಗದ ಗಟ್ಟಿ ನೆಲಕ್ಕೆ ಸರಿಹೋಗೋ ತಂತಿ ಗೂಟ ಒಣ ಮರಳಲ್ಲಿ ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ, ಒಂದು ಗಾಳಿಗೇ ಎದ್ದು ಬರುತ್ತೆ. ಗೂಟ ಮನೇಲೇ ಬಿಡಿ. 5 ಕೆಜಿ ಅಕ್ಕಿಯ ಖಾಲಿ ಚೀಲ ಟೆಂಟಿಗೆ ಆರರಂತೆ ಒಯ್ಯಿರಿ, ತೂಕವೇ ಇಲ್ಲ. ಅಲ್ಲಿ ಮುಕ್ಕಾಲು ಮರಳು ತುಂಬಿ ಬಾಯಿ ಬಿಗಿದು, ಬಾಯಿಗೇ ಟೆಂಟಿನ ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂತು, ಮೇಲೆ ಮರಳೆಳೆದು ಕಾಲಲ್ಲಿ ತುಳಿಯಿರಿ. ಒಂದು ಚೊಂಬು ಸಮುದ್ರದ ನೀರು ಸುರಿದ್ರೆ ಇನ್ನೂ ಗಟ್ಟಿ. ಹಗ್ಗ ಚೀಲದಿಂದ ಟೆಂಟಿಗೆ ಓರೆಯಾಗಿ ಬರೋ ಹಾಗೆ ಸಣ್ಣ ಕಾಲುವೆ ತೋಡಿ. ಹಗ್ಗ ನೆಟ್ಟಗೆ ಮೇಲಕ್ಕೆ ನಿಂತ್ರೆ ಚೀಲಾನೂ ಎದ್ದು ಬರುತ್ತೆ.

ಮನೆ ಕಟ್ಟೋ ಕಡೆ ಬಿದ್ದಿರೋ ಎಂ-ಸ್ಯಾಂಡ್ ರಾಶೀಲಿ ಪರೀಕ್ಷೆ ಮಾಡಿ ಮೋಸ ಹೋಗಬೇಡಿ. ಅದು ಒಡೆದ ಕಲ್ಲಿನ ಪುಡಿ, ಮೂಲೆ ಮೂಲೆ ಇರೋದ್ರಿಂದ ಕಚ್ಚಿ ಹಿಡಿಯುತ್ತೆ. ಬೀಚ್ ಮರಳು ಅಲೆಗೆ ಸವೆದು ದುಂಡಗಾಗಿರುತ್ತೆ, ಜಾರುತ್ತೆ.

ಹರಿಹರದ ಸೇತುವೆ
ಹುಣ್ಣಿಮೆ ಅಂದ್ರಲ್ಲ, ನನಗೆ ತಕರಾರು ಅಲ್ಲೇ. ಬೆಳದಿಂಗಳು ಚೆಂದ, ಆದ್ರೆ ಹುಣ್ಣಿಮೆ-ಅಮಾವಾಸ್ಯೆಗೇ ಉಬ್ಬರ ಜೋರು. ನಮ್ಮ ಕರಾವಳೀಲಿ ಆ ದಿನಗಳ ಉಬ್ಬರ ಮೇಲೇರೋದು ಹೆಚ್ಚುಕಮ್ಮಿ ನಡುರಾತ್ರಿ ಹೊತ್ತಿಗೆ. ನೀವು ಸಂಜೆ ಟೆಂಟ್ ಹಾಕುವಾಗ ನೀರು ಹಿಂದೆ ಸರಿದಿರುತ್ತೆ, ಬೀಚು ಅಗಲ ಕಾಣುತ್ತೆ. ಅದನ್ನ ನಂಬಬೇಡಿ. ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರೋ ಗೆರೆ ಹುಡುಕಿ, ಎರಡು ಗೆರೆ ಇದ್ರೆ ಮೇಲಿನದು ಲೆಕ್ಕ. ಅಲ್ಲಿಂದ ಇನ್ನೂ ಹತ್ತು-ಹದಿನೈದು ಹೆಜ್ಜೆ ಮೇಲೆ, ನೇರಳೆ ಹೂವಿನ ಬಳ್ಳಿ ಹಬ್ಬಿರೋ ಕಡೆ ಜಾಗ ನೋಡಿ. ಬಳ್ಳಿ ಬೇರು ಬಿಟ್ಟಿದೆ ಅಂದ್ರೆ ಅಲೆ ಅಲ್ಲಿಗೆ ದಿನಾ ಬರಲ್ಲ. ತೆಂಗಿನ ಮರದ ಕೆಳಗೆ ಮಾತ್ರ ಬೇಡ, ಕಾರಣ ಹೇಳಬೇಕಾಗಿಲ್ಲ.

ನೀರು: ಕುಡಿಯೋಕೆ, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್. ನಾಲ್ಕು ಜನ, ಎರಡು ದಿನ, 32 ಲೀಟರ್ ಆಯ್ತು. ತಲಾ 8 ಕೆಜಿ ಬರೀ ನೀರು. ಮುರಕಲ್ಲಿನ ಏರಿಳಿತದಲ್ಲಿ ಅಷ್ಟು ಹೊರೋದು ದಡ್ಡತನ. ಮೊದಲ ದಿನಕ್ಕೆ 16 ಲೀಟರ್ ಒಯ್ದು, ಮಾರನೇ ಬೆಳಗ್ಗೆ ಇಬ್ಬರು ಖಾಲಿ ಚೀಲದಲ್ಲಿ ಓಂ ಬೀಚಿಗೆ ಹೋಗಿ ತುಂಬ್ಕೊಂಡು ಬನ್ನಿ. ದೊಡ್ಡ ಕ್ಯಾನ್ ಬೇಡ, ಎರಡೆರಡು ಲೀಟರ್ ಬಾಟಲಿ ಇರಲಿ. ಒಂದು ಒಡೆದ್ರೆ ಎರಡೇ ಲೀಟರ್ ಹೋಗುತ್ತೆ. ಪಾತ್ರೆ ಸಮುದ್ರದ ನೀರು, ಮರಳಲ್ಲಿ ತಿಕ್ಕಿ. ಕೊನೇ ಸಲ ಮಾತ್ರ ಸಿಹಿನೀರು.

ಬೆಣ್ಣೆದೋಸೆ
ಸರಿ, ಹುಣ್ಣಿಮೆ ಕೈಬಿಟ್ಟು ಅಷ್ಟಮಿ ಹತ್ರ ಇಟ್ಕೋತೀವಿ. ಗ್ಯಾಸ್?

ಏಳುಸುತ್ತಿನ ಕೋಟೆ
ಬಸ್ಸಲ್ಲಿ, ರೈಲಲ್ಲಿ ಗ್ಯಾಸ್ ಡಬ್ಬಿ ಒಯ್ಯೋ ಹಾಗಿಲ್ಲ. ಸ್ಟವ್ ಬಿಟ್ಟುಬಿಡಿ, ಬೆಂಕೀನೂ ಹಾಕಬೇಡಿ. ಜನವರೀಲಿ ಗಾಳಿ ಮರದ ಉದುರಿದ ಸೂಜಿ ಎಲೆ ಸೀಮೆಎಣ್ಣೆ ಹಾಗೆ ಹತ್ತಿಕೊಳ್ಳುತ್ತೆ. ಅವಲಕ್ಕಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಖರ್ಜೂರ ಸಾಕು. ಅವಲಕ್ಕಿ ತಣ್ಣೀರಲ್ಲೇ ನೆನೆಯುತ್ತೆ.

ಇನ್ನೊಂದು ಮಾತು. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ ಕಾಲ, ಉಣುಗು ಕಚ್ಚಿ ಬರೋ ಜ್ವರ ಅದು. ಉತ್ತರ ಕನ್ನಡದಲ್ಲೂ ಅದಿದೆ. ಒಣ ಎಲೆ ಮೇಲೆ ಕೂರಬೇಡಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ, ಉಣುಗು ಹತ್ತದ ಹಾಗೆ ತಡೆಯೋ ಡೇಪಾ ಎಣ್ಣೆ ಹಚ್ಚಿ, ಸಂಜೆ ಮೈಮೇಲೆ ಉಣುಗು ಹತ್ತಿದೆಯಾ ನೋಡ್ಕೊಳ್ಳಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಹರಿಹರದ ಸೇತುವೆ
ಬೆಳಗ್ಗೆ ಟೆಂಟ್ ಒಳಗೆಲ್ಲ ಒದ್ದೆಯಾದ್ರೆ ಸೋರಿದೆ ಅಂದ್ಕೋಬೇಡಿ. ನಿಮ್ಮ ಉಸಿರಿನ ಹಬೆ ತಣ್ಣಗಾದ ಬಟ್ಟೆಗೆ ತಾಗಿ ನೀರಾಗಿರುತ್ತೆ. ಸೊಳ್ಳೆ ಪರದೆ ಹಾಕಿ, ಎರಡೂ ಕಡೆ ಕಿಟಕಿ ತೆರೆದಿಡಿ, ಮೇಲಿನ ಹೊದಿಕೆ ಒಳಗಿನದಕ್ಕೆ ತಾಗದ ಹಾಗೆ ಬಿಗಿದು ಕಟ್ಟಿ. ಮಧ್ಯಾಹ್ನ ಗಾಳಿ ಸಮುದ್ರದ ಕಡೆಯಿಂದ, ತಡರಾತ್ರಿ ಗುಡ್ಡದ ಕಡೆಯಿಂದ ಬೀಸುತ್ತೆ. ಹಾಗಾಗಿ ಒಂದೇ ಕಡೆ ಹಗ್ಗ ಬಿಗಿದ್ರೆ ಸಾಲದು.

ಶೌಚಕ್ಕೆ ಮರಳಲ್ಲಿ ಹೂಳಬೇಡಿ, ಅಲೆ ಬಯಲು ಮಾಡುತ್ತೆ. ನೀರಿಂದ 200 ಅಡಿ ದೂರ, ಮಣ್ಣಿರೋ ಕಡೆ ಗೇಣು ಆಳದ ಗುಂಡಿ ತೋಡಿ. ಟಿಶ್ಯೂ ಕವರಲ್ಲಿ ಕಟ್ಟಿ ವಾಪಸ್ ತನ್ನಿ.

ದಾವಣಗೆರೆಯವರು ಅಂದ್ಮೇಲೆ ಮಂಡಕ್ಕಿ ತರ್ತೀರಿ, ಗೊತ್ತು. ಬಿಗಿ ಮುಚ್ಚಳದ ಡಬ್ಬೀಲಿ ತನ್ನಿ. ಆ ಗಾಳಿಗೆ ಚೀಲ ಬಿಚ್ಚಿಟ್ಟ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಹತ್ತಿ ಅಗಿದ ಹಾಗಿರುತ್ತೆ.