ವಿಮಾನ ಆಪತ್ತಿನ್ಯಾಗ ಇದ್ದಾಗ ಪೈಲಟ್ ಟವರಿಗೆ ಏನ್ ಹೇಳ್ತಾನ್ರಿ?

ತೊಗರಿ_ಕಣಜ (ಕಲಬುರಗಿ): ಎರಡ್ ವರ್ಷದ ಹಿಂದ ಬೆಂಗಳೂರಿಂದ ನಮ್ಮೂರಿಗೆ ಬರುವಾಗ ಕೆಳಗ ತೊಗರಿ ಹೊಲ ಕಾಣ್ಲಿಕತ್ತಿದ್ವು, ಇನ್ನೇನ್ ಇಳೀತು ಅನ್ನೂದ್ರಾಗ ವಿಮಾನ ಗಕ್ಕನ ಮ್ಯಾಲ ಎದ್ದಬಿಡ್ತು, ಬಾಜೂಕ ಅವ್ವ ಶರಣಬಸಪ್ಪಾ ಅಂತ ನನ್ನ ಕೈ ಹಿಡದಾಕಿ ಬಿಡಲೇ ಇಲ್ಲ. ಕ್ಯಾಪ್ಟನ್ ಎಷ್ಟೋತ್ತು ಒಂದ್ ಮಾತೂ ಆಡ್ಲಿಲ್ಲ. ಅಂಥಾ ಹೊತ್ನ್ಯಾಗ ಟವರ್ ಜೋಡಿ ಏನ್ ಮಾತಾಡ್ತಾರ? ಅವ್ವ ಮತ್ತ ವಿಮಾನ ಹತ್ತಲ್ಲ ಅಂತಾಳ, ಆಕಿಗಿ ತಿಳಿಸಿ ಹೇಳ್ಬೇಕು.

ಕಾರಂಜಾ_ನೀರು (ಬೀದರ್): ನಾನು ಟವರಿನ್ಯಾಗ ಕುಂತು ವಿಮಾನಗಳಿಗಿ ದಾರಿ ಹೇಳೂ ಕಂಟ್ರೋಲರ್ ಇದ್ದೀನ್ರಿ, ಬ್ಯಾರೆ ಊರಾಗ. ನಿಮ್ಮದು ಗೋ ಅರೌಂಡ್, ಅಂದ್ರ ಇಳಿಯೂದು ಬಿಟ್ಟು ಮತ್ತ ಮ್ಯಾಲ ಏಳೂದು, ಆಪತ್ತಲ್ಲ. ಪೈಲಟ್ 'ಗೋಯಿಂಗ್ ಅರೌಂಡ್' ಅಂತಾನ, ನಾವು ಎತ್ತರ, ದಿಕ್ಕು ಕೊಡ್ತೀವಿ. ಅವರಿಗಿ ಕಲಿಸೂದೇ ಮೊದಲ ವಿಮಾನ ಹಾರಸು, ಆಮ್ಯಾಲ ದಾರಿ ನೋಡು, ಮಾತು ಕಡೀಕ ಅಂತ, ಅದಕ್ಕ ಸುಮ್ಮನಿದ್ದಾರ. ಖರೇ ಆಪತ್ತು ಬಂತಂದ್ರ ಮೇಡೇ ಅಂತ ಮೂರ್ ಸಲ ಹೇಳಿ, ವಿಮಾನದ ಕಾಲ್ ಸೈನ್ (ರೇಡಿಯೋದಾಗ ಕರಿಯೂ ಹೆಸರು), ಏನಾಗ್ಯಾದ, ಏನ್ ಮಾಡ್ತೀವಿ ಅಂತ ಹೇಳ್ತಾರ. ರಾಡಾರಿಗಿ ವಿಮಾನದ ಗುರುತು ಕಳಸೂ ಟ್ರಾನ್ಸ್‌ಪಾಂಡರ್‌ನ್ಯಾಗ 7700 ಅನ್ನೂ ಆಪತ್ತಿನ ನಂಬರ್ ಹಾಕಿದ್ರ ನಮ್ಮ ರಾಡಾರ್ ಪರದಿ ಮ್ಯಾಗ ಆ ವಿಮಾನ ಎದ್ದು ಕಾಣ್ತದ. ಸ್ವಲ್ಪ ಕಡಿಮಿ ಗಂಭೀರ ಇದ್ರ ಪ್ಯಾನ್ ಪ್ಯಾನ್. ಆಮ್ಯಾಲ ನಾವು ಎಷ್ಟ್ ಮಂದಿ ಅದೀರಿ, ಎಣ್ಣಿ ಎಷ್ಟ್ ಹೊತ್ತಿಗಿ ಸಾಕಾಗ್ತದ ಅಂತ ಕೇಳಿ ಬರಕೊಂಡು ಫೈರ್ ಗಾಡಿಯವರಿಗಿ ಹೇಳ್ತೀವಿ. ಪೈಲಟ್ 'ಸ್ಟ್ಯಾಂಡ್‌ಬೈ' ಅಂದ್ರ ಬಾಯಿ ಮುಚ್ಚಿ ಕಾಯಬೇಕು, ಆ ಹೊತ್ನ್ಯಾಗ ಅವನ ಕೈ ತುಂಬ ಕೆಲಸ ಇರ್ತದ.

ಭೀಮಾ_ದಂಡಿ (ಯಾದಗಿರಿ): ಮೇಡೇ ಅಂತ ಬಾಯಿ ಬಿಟ್ಟೇ ಹೇಳ್ಬೇಕಾ, ಕಷ್ಟ ಅದ ಅಂದ್ರ ತಿಳಿಯಲ್ಲೇನು?

ಕಾರಂಜಾ_ನೀರು: ತಿಳಿಯಲ್ರಿ, ಅದೇ ನನಗ ಹೊಟ್ಯಾಗ ಸಂಕಟ ಆಗೂ ಮಾತು. 1990ರ ಜನವರಿ 25ಕ್ಕ ಕೊಲಂಬಿಯಾದಿಂದ ನ್ಯೂಯಾರ್ಕಿಗಿ ಹೊಂಟಿದ್ದ ಏವಿಯಾಂಕಾ 52, ಹವಾ ಕೆಟ್ಟಿತ್ತಂತ ಆಕಾಶದಾಗ ಒಂದ್ ತಾಸಿಗಿಂತ ಹೆಚ್ಚು ಸುತ್ತಿ ಸುತ್ತಿ ಎಣ್ಣಿ ತೀರಿಸ್ಕೊಂತು. ಎಮರ್ಜೆನ್ಸಿ ಅಂತ ಹೇಳು ಅಂತ ಕ್ಯಾಪ್ಟನ್ ಹೇಳಿದ್ದ, ಆದ್ರ ರೇಡಿಯೋದಾಗ ಮಾತಾಡ್ತಿದ್ದ ಕೋಪೈಲಟ್ ಎಣ್ಣಿ ಮುಗೀಲಿಕತ್ತದ, ಪ್ರಯಾರಿಟಿ ಬೇಕು ಅಂದ, ಎಮರ್ಜೆನ್ಸಿ ಅನ್ನೂ ಆ ಒಂದ್ ಶಬ್ದ ಮಾತ್ರ ಕಡೀತನಕ ಬರ್ಲೇ ಇಲ್ಲ. ಕಂಟ್ರೋಲರಿಗಿ ಅದು ಅಷ್ಟ್ ತುರ್ತು ಅನಿಸ್ಲಿಲ್ಲ. 158 ಮಂದ್ಯಾಗ 73 ಮಂದಿ ಹೋದ್ರು.

ತೊಗರಿ_ಕಣಜ: ಅಯ್ಯೋ. ರೇಡಿಯೋನೇ ಕೆಟ್ರ?

ಕಾರಂಜಾ_ನೀರು: 7600 ಹಾಕ್ತಾರ. ಟವರಿಂದ ಲೈಟ್ ತೋರಸ್ತೀವಿ, ಹಾರೂ ವಿಮಾನಕ್ಕ ಹಸರು ಬಿಡದಂಗ ಉರಿದ್ರ ಇಳೀರಿ ಅಂತ ಅರ್ಥ. ಅವ್ವಗ ಇಷ್ಟ್ ಹೇಳ್ರಿ, ರನ್‌ವೇ ಬಿಟ್ಟು ಮ್ಯಾಲ ಎದ್ದ ಪೈಲಟ್ ಸರಿ ಮಾಡ್ಯಾನ.

ತೊಗರಿ_ಕಣಜ: ಓದಿ ಹೇಳ್ದೆ. ಆ ಸ್ಟ್ಯಾಂಡ್‌ಬೈ ಮಾತು ಎರಡ್ ಸಲ ಓದಿಸ್ಕೊಂಡ್ಳು.