ನುನಾವುಟ್‌ನ ಸರ್ಕಾರಿ ಮನೆಗಳು: ಎಂಜಿನಿಯರರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಕೆನಡಾದ ಉತ್ತರ ತುದಿಯ ನುನಾವುಟ್ ಪ್ರದೇಶದಲ್ಲಿ ಸಾರ್ವಜನಿಕ ವಸತಿ ಕಟ್ಟಡಗಳ ಕೆಲಸದಲ್ಲಿರುವ, ನಮ್ಮ ಕೆನಡಾ ಕನ್ನಡಿಗರ ಬಳಗದ ಸದಸ್ಯರೊಬ್ಬರು ಈ ವಾರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಹಾಕುವ ಮೊದಲು ಆಗಲೇ ಕೊಟ್ಟಿರುವ ಉತ್ತರಗಳನ್ನು ದಯವಿಟ್ಟು ಓದಿರಿ.

ಸದಸ್ಯರು, ಮಿಸಿಸಾಗಾ: ನಮಸ್ಕಾರ ಸರ್. ಉತ್ತರದ ವಸತಿಗಾಗಿ ಒಟ್ಟಾವಾದ ಕೇಂದ್ರ ಸರ್ಕಾರ ಕೋಟಿಗಟ್ಟಲೆ ಡಾಲರ್ ಘೋಷಿಸುತ್ತಲೇ ಇದೆ. ಆದರೂ ಮನೆಗಳ ಕೊರತೆ ನೀಗದಿರಲು ಕಾರಣವೇನು?

ಎಂಜಿನಿಯರ್: ನಮಸ್ಕಾರ. 2017ರ ಬಜೆಟ್‌ನಲ್ಲಿ ನುನಾವುಟ್‌ಗೆ ಘೋಷಿಸಿದ್ದು 10 ವರ್ಷಗಳಿಗೆ 24 ಕೋಟಿ ಡಾಲರ್. ಅದನ್ನು 25 ಊರುಗಳಿಗೆ ಹಂಚಿದರೆ ಒಂದು ಊರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೂಡ ಬರುವುದಿಲ್ಲ. ಈ ಊರುಗಳ ನಡುವೆ ರಸ್ತೆಯೇ ಇಲ್ಲದ ಕಾರಣ ಮರ, ಮೊಳೆ, ಕಿಟಕಿ, ಬಾಯ್ಲರ್ ಎಲ್ಲವೂ ಹಡಗಿನಲ್ಲಿ ಬರಬೇಕು; ಸಮುದ್ರದ ಹಿಮ ಕರಗಿ ಹಡಗಿಗೆ ದಾರಿ ತೆರೆಯುವುದು ಸುಮಾರು ಜುಲೈನಿಂದ ಅಕ್ಟೋಬರ್‌ವರೆಗೆ ಮಾತ್ರ. ಹಣಕ್ಕೆ ಮಂಜೂರಾತಿ ಬೇಸಿಗೆಯಲ್ಲಿ ಸಿಕ್ಕಿತೆಂದರೆ ಆ ವರ್ಷದ ಹಡಗು ತಪ್ಪಿತೆಂದೇ ಅರ್ಥ, ಸಾಮಾನು ಬರುವುದು ಮರುವರ್ಷವೇ. ನನಗೆ ಇದಕ್ಕಿಂತ ಹೆಚ್ಚು ಚಿಂತೆಯಿರುವುದು ನಿರ್ವಹಣೆಯ ಹಣದ ಬಗ್ಗೆ. ಹೊಸ ಸಾಮಾಜಿಕ ವಸತಿಗೆ ಕೊಡುತ್ತಿದ್ದ ಹಣವನ್ನು ಕೇಂದ್ರ ಸರ್ಕಾರ 1993ರಲ್ಲೇ ನಿಲ್ಲಿಸಿತು. ಅದಕ್ಕೂ ಮುಂಚೆ ಕಟ್ಟಿದ ಮನೆಗಳನ್ನು ನಡೆಸಲು ಕೊಡುವ ನೆರವು ಕೂಡ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ 2037ರ ಹೊತ್ತಿಗೆ ಮುಗಿಯುತ್ತದೆ. ಒಂದು ಮನೆಗೆ ಬಿಸಿಮಾಡುವ ಎಣ್ಣೆ, ವಿದ್ಯುತ್, ಟ್ಯಾಂಕರ್ ನೀರು, ಕೊಳಚೆ ಸಾಗಣೆ ಎಂದು ವರ್ಷಕ್ಕೆ 20,000 ಡಾಲರ್‌ಗೂ ಹೆಚ್ಚು ಖರ್ಚಾಗುತ್ತದೆ. ಬಾಡಿಗೆಯಾದರೋ ಆದಾಯಕ್ಕೆ ತಕ್ಕಂತೆ ತಿಂಗಳಿಗೆ 60 ಡಾಲರ್‌ನಿಂದ ಆರಂಭ. 2030ರೊಳಗೆ 3,000 ಮನೆಗಳೆಂಬ ನುನಾವುಟ್ ಸರ್ಕಾರದ ಯೋಜನೆಯನ್ನು ನಾನು ಸ್ವಾಗತಿಸುತ್ತೇನೆ, ಆದರೆ ಇರುವ ಮನೆಗಳು ಹಾಳಾಗುತ್ತಾ ಹೋದರೆ ಹೊಸವು ಆ ಜಾಗವನ್ನಷ್ಟೇ ತುಂಬುತ್ತವೆ.

ಸದಸ್ಯರು, ಬ್ರ್ಯಾಂಪ್ಟನ್: ಸರ್, ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಕೆಲಸಕ್ಕೆ ಹೋದರೆ 60 ಡಾಲರ್‌ಗೆ ಸರ್ಕಾರಿ ಮನೆ ಸಿಗುತ್ತದೆಯೇ?

ಎಂಜಿನಿಯರ್: ಇಲ್ಲ. ಕೆಲಸಕ್ಕೆ ಬಂದವರ ಸಿಬ್ಬಂದಿ ವಸತಿ ಬೇರೆ, ಆ 60 ಡಾಲರಿನ ಸಾರ್ವಜನಿಕ ವಸತಿ ಬೇರೆ.

ಸದಸ್ಯೆ, ನರ್ಸ್, ಬ್ಯಾಫಿನ್ ದ್ವೀಪ: ಸರ್, ನಾನು ಮನೆಭೇಟಿಗೆ ಹೋಗುವ ಒಂದು ಬಾಡಿಗೆ ಮನೆಯಲ್ಲಿ ಅಜ್ಜಿ, ಮೂವರು ಮಕ್ಕಳು ಸೇರಿ ಒಂಬತ್ತು ಜನರಿದ್ದಾರೆ. ಸೆಪ್ಟೆಂಬರ್‌ನಿಂದ ಮಲಗುವ ಕೋಣೆಯ ಬಾಗಿಲು ಹಾಕಲು ಬರುತ್ತಿಲ್ಲ, ಚೌಕಟ್ಟಿನ ಮೂಲೆಯಿಂದ ಗೋಡೆ ಓರೆಯಾಗಿ ಸೀಳಿದೆ, ಕಿಟಕಿಯ ಕೆಳಗೆ ಕಪ್ಪು ಬೂಷ್ಟು ಹಿಡಿದಿದೆ. ನೆಲ ತಣ್ಣಗಿರುತ್ತದೆಂದು ಮನೆಯ ಅಡಿಭಾಗಕ್ಕೆ ಸುತ್ತಲೂ ಪ್ಲೈವುಡ್ ಬಡಿದಿದ್ದಾರೆ. ವಸತಿ ಕಚೇರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದಾರಂತೆ. ನಾನು ಏನು ಮಾಡಲಿ?

ಎಂಜಿನಿಯರ್: ಮೇಡಂ, ಬೂಷ್ಟನ್ನು ಕಡೆಗೆ ನೋಡೋಣ, ಮೊದಲು ಆ ಪ್ಲೈವುಡ್ಡಿನ ಮಾತು. ಅಲ್ಲಿ ಮನೆಯನ್ನು ಕಂಬಗಳ ಮೇಲೆ ಎತ್ತಿ ಕಟ್ಟುವುದು ನೋಟಕ್ಕಾಗಿ ಅಲ್ಲ. ಕೆಳಗಿರುವುದು ವರ್ಷವಿಡೀ ಹೆಪ್ಪುಗಟ್ಟಿಯೇ ಇರಬೇಕಾದ ನೆಲ, ಅಂದರೆ ಪರ್ಮಾಫ್ರಾಸ್ಟ್. ಚಳಿಗಾಲದ ಗಾಳಿ ಮನೆಯ ಅಡಿಯಲ್ಲಿ ಹಾದುಹೋದರೆ ಮಾತ್ರ ಆ ನೆಲ ತನ್ನ ತಂಪನ್ನು ಉಳಿಸಿಕೊಳ್ಳುತ್ತದೆ. ಸುತ್ತ ಹಲಗೆ ಬಡಿದು, ಅದಕ್ಕೆ ಹಿಮವೂ ಒತ್ತಿಕೊಂಡರೆ, ಮನೆಯ ಬಿಸಿ ಕೆಳಗೇ ನಿಂತು ನೆಲ ಕರಗಲು ಶುರುವಾಗುತ್ತದೆ. ಬೇಸಿಗೆಯ ಕರಗುವಿಕೆ ಅತ್ಯಂತ ಆಳಕ್ಕೆ ಇಳಿಯುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಆದ್ದರಿಂದ ನೀವು ಹೇಳಿದ ಕಾಲವೇ ನನಗೆ ಅನುಮಾನ ಹುಟ್ಟಿಸುತ್ತಿದೆ. ಕೊಳಚೆ ಟ್ಯಾಂಕಿನಿಂದ ಅಥವಾ ಕೊಳವೆಯಿಂದ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ ಎಂದೂ ನೋಡಿರಿ, ಬೆಚ್ಚಗಿನ ನೀರು ಒಂದೇ ಕಂಬದ ಬುಡವನ್ನು ಕುಸಿಯುವಂತೆ ಮಾಡಬಲ್ಲದು. ಸೀಳಿನ ಎರಡು ತುದಿಗಳಿಗೆ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ. ಬಾಗಿಲ ಬಳಿ ನೆಲದ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ಯಾವ ಕಡೆ ಸರಿಯುತ್ತದೆಂದು ಫೋಟೊ ತೆಗೆಯಿರಿ. ತೊಲೆಯ ಕೆಳಗಿದ್ದು ಮನೆಯನ್ನು ಎತ್ತಿ ಇಳಿಸಿ ಮಟ್ಟ ಮಾಡುವ ಸ್ಕ್ರೂ ಜ್ಯಾಕ್‌ಗಳನ್ನು ಮಾತ್ರ ಮನೆಯವರು ತಿರುಗಿಸಲೇಬಾರದು. ಭಾರ ಏರುಪೇರಾಗಿ ಎಣ್ಣೆಯ ಕೊಳವೆಯ ಜೋಡಣೆ ಬಿಟ್ಟುಕೊಂಡರೆ ಒಂಬತ್ತು ಜನರಿರುವ ಮನೆಯಲ್ಲಿ ಬೆಂಕಿಯ ಭಯ. ಪ್ಲೈವುಡ್ ಬಿಚ್ಚಿದರೆ ನೆಲ ಇನ್ನೂ ತಣ್ಣಗಾಗುತ್ತದೆ, ಮಕ್ಕಳಿರುವ ಮನೆಗೆ ಅದು ಕಷ್ಟವೆಂದು ನನಗೆ ಗೊತ್ತು; ಆದ್ದರಿಂದ ನೆಲದ ಕೆಳಗಿನ ನಿರೋಧಕ ಪದರವನ್ನು ಪರೀಕ್ಷಿಸುವಂತೆ ಅದೇ ಅರ್ಜಿಯಲ್ಲಿ ಕೇಳಿರಿ. ಈ ಎಲ್ಲವನ್ನೂ ಬರಹದಲ್ಲಿ ಕೊಡಿಸಿ, ಪ್ರತಿಯನ್ನು ಮನೆಯವರ ಬಳಿ ಇಡಿಸಿರಿ.

ಸದಸ್ಯರು, ಸರ್ರೆ: ಬೂಷ್ಟಿಗೆ ವಾಟ್ಸಾಪಿನಲ್ಲಿ ಬಂದದ್ದು: ‘ಬ್ಲೀಚು ಮತ್ತು ವಿನೆಗರ್ ಸಮಸಮ ಬೆರೆಸಿ ಸಿಂಪಡಿಸಿ, ಗಾಳಿಯ ಕಿಂಡಿಗೆ ಬಟ್ಟೆ ತುರುಕಿ, ಮನೆಯೂ ಬೆಚ್ಚಗಿರುತ್ತದೆ.’ ಇದು ಅವರಿಗೆ ಉಪಯೋಗವಾಗಬಹುದು.

ಎಂಜಿನಿಯರ್: ಇದನ್ನು ದಯವಿಟ್ಟು ಅಳಿಸಿರಿ. ಬ್ಲೀಚಿಗೆ ವಿನೆಗರ್ ಸೇರಿಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಮನೆಯಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಇನ್ನು ಆ ಕಿಂಡಿ ಎಚ್‌ಆರ್‌ವಿ ಎಂಬ ಯಂತ್ರದ್ದು. ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ಕೊಟ್ಟು, ಉಸಿರಿನ, ಅಡುಗೆಯ ತೇವವನ್ನು ಅದೇ ಹೊರಹಾಕುವುದು. ಅದನ್ನು ಮುಚ್ಚಿದರೆ ಬೂಷ್ಟು ಇನ್ನಷ್ಟು ಹಬ್ಬುತ್ತದೆ. ಪರೀಕ್ಷಿಸದ ಮದ್ದನ್ನು ಇನ್ನೊಬ್ಬರ ಮನೆಗೆ ಕಳುಹಿಸಬೇಡಿರಿ.

ಸದಸ್ಯರು, ಸರ್ರೆ: ಒಳ್ಳೆಯ ಉದ್ದೇಶದಿಂದ ಹಾಕಿದೆ. ಇಷ್ಟು ಕಟುವಾಗಿ ಹೇಳುವ ಅಗತ್ಯವಿರಲಿಲ್ಲ.

ಸದಸ್ಯರು, ಕ್ಯಾಲ್ಗರಿ: ನೇರವಾಗಿ ಕೇಳುತ್ತೇನೆ. ಅಷ್ಟು ಖರ್ಚು ಮಾಡಿ ಅಲ್ಲಿ ಮನೆ ಕಟ್ಟುವ ಬದಲು ಆ ಜನ ದಕ್ಷಿಣಕ್ಕೆ ಬಂದು ನೆಲೆಸಬಾರದೇ? ತೆರಿಗೆ ಕಟ್ಟುವವರು ನಾವು.

ಸದಸ್ಯೆ, ವಿನಿಪೆಗ್: ಅವರು ಆ ಊರುಗಳಲ್ಲಿ ತಾವಾಗಿ ಬಂದು ನಿಂತವರಲ್ಲ. 1950–60ರ ದಶಕಗಳಲ್ಲಿ ಬೇಟೆಯ ಬಿಡಾರಗಳಲ್ಲಿದ್ದ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಕುಟುಂಬಗಳನ್ನು ಶಾಲೆ, ಚಿಕಿತ್ಸೆ, ಮನೆ ಎಂದು ಹೇಳಿ ಸರ್ಕಾರವೇ ಊರುಗಳಿಗೆ ಸೇರಿಸಿತು. ಕೊಟ್ಟದ್ದು ಬೆಂಕಿಪೊಟ್ಟಣದಂಥ ಒಂದೇ ಕೋಣೆಯ ಮನೆ.

ಸದಸ್ಯರು, ಕ್ಯಾಲ್ಗರಿ: ಅದು ಅರುವತ್ತು ವರ್ಷದ ಹಿಂದಿನ ಮಾತು. ನಾವೂ ಊರು ಬಿಟ್ಟು ಬಂದವರೇ ಅಲ್ಲವೇ?

ಸದಸ್ಯೆ, ವಿನಿಪೆಗ್: ನಾವು ಬಯಸಿ ಬಂದೆವು. ಅದು ಅವರ ನೆಲ, ಅಲ್ಲಿ ಅತಿಥಿಗಳು ನಾವು. ಈ ವ್ಯತ್ಯಾಸ ಕಾಣದವರೊಡನೆ ವಾದಿಸಿ ಪ್ರಯೋಜನವಿಲ್ಲ.

ಸದಸ್ಯರು, ಕ್ಯಾಲ್ಗರಿ: ಹಾಗಾದರೆ ವಾದಿಸಬೇಡಿ.

ಸದಸ್ಯರು, ಹ್ಯಾಲಿಫ್ಯಾಕ್ಸ್: ಕಾರ್ಖಾನೆಯಲ್ಲೇ ತಯಾರಾದ ಮನೆಗಳನ್ನು ಹಡಗಿನಲ್ಲಿ ತಂದರೆ ಅಗ್ಗವಾಗುವುದಿಲ್ಲವೇ ಸರ್?

ಸದಸ್ಯರು, ಓಕ್‌ವಿಲ್: ವರ್ಷಗಟ್ಟಲೆ ಅಲ್ಲಿ ದುಡಿದವರಿಗೂ 60 ಡಾಲರ್ ಮನೆ ಸಿಗುವುದಿಲ್ಲವೇ?

ಎಂಜಿನಿಯರ್: ಮೇಲೆ ಉತ್ತರವಿದೆ.

ಕ್ಯಾಲ್ಗರಿಯವರಿಗೆ ಒಂದೇ ಮಾತು. 2021ರ ಜನಗಣತಿಯ ಪ್ರಕಾರ ಇನುಯಿಟ್ ತಾಯ್ನೆಲದಲ್ಲಿರುವ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಿಕ್ಕಿರಿದ ಮನೆಗಳಲ್ಲಿದ್ದಾರೆ. ಕ್ಷಯ ಹರಡುವುದು ಇಂಥ ಕೋಣೆಗಳಲ್ಲೇ. 2030ರೊಳಗೆ ಅಲ್ಲಿಂದ ಕ್ಷಯವನ್ನು ನಿರ್ಮೂಲ ಮಾಡುವುದಾಗಿ 2018ರಲ್ಲಿ ಮಾತು ಕೊಟ್ಟದ್ದೂ ಇದೇ ಕೇಂದ್ರ ಸರ್ಕಾರ. ಮನೆ ಕೊಡದೆ ಮಾತ್ರೆ ಕೊಟ್ಟರೆ ಆ ಮಾತು ಉಳಿಯುವುದಿಲ್ಲ. ಈ ಚರ್ಚೆಗೆ ನಾನು ಮತ್ತೆ ಬರುವುದಿಲ್ಲ.

ಸದಸ್ಯೆ, ನರ್ಸ್, ಬ್ಯಾಫಿನ್ ದ್ವೀಪ: ಸರ್, ಇಂದು ನೋಡಿಬಂದೆ. ಸೀಳು ಪೆನ್ಸಿಲ್ ಗುರುತನ್ನು ದಾಟಿದೆ. ಬಾಯ್ಲರ್ ಇರುವ ಕಡೆ ಎಣ್ಣೆಯ ವಾಸನೆಯೂ ಬರುತ್ತಿದೆ.

ಎಂಜಿನಿಯರ್: ಇದು ಅರ್ಜಿ ಬರೆಯುವ ಹೊತ್ತಲ್ಲ ಮೇಡಂ. ಊರಿನ ಅಗ್ನಿಶಾಮಕ ದಳಕ್ಕೂ ವಸತಿ ಕಚೇರಿಯ ತುರ್ತು ಸಂಖ್ಯೆಗೂ ಈಗಲೇ ಕರೆ ಮಾಡಿ. ಟ್ಯಾಂಕಿನ ಬಳಿಯ ಎಣ್ಣೆಯ ಕವಾಟ ಮುಚ್ಚಿಸಿ, ಮಕ್ಕಳನ್ನೂ ಅಜ್ಜಿಯನ್ನೂ ಈ ರಾತ್ರಿ ಬೇರೆ ಮನೆಗೆ ಕಳುಹಿಸಿರಿ. ಬೆಳಿಗ್ಗೆ ನನಗೆ ನೇರವಾಗಿ ಸಂದೇಶ ಹಾಕಿ.